ಕೋಟೆ ಸರಿ, ಈ ‘ಕೊತ್ತಲ’ ಅಂದ್ರೆ ಏನು?

ಕಲ್ಲುಬಂಡೆ:
ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಅನುಮಾನ. ಮಗಳ ಕನ್ನಡ ನೋಟ್ಸ್‌ನಲ್ಲಿ ಜೋಡುನುಡಿಗಳ ಪಟ್ಟಿ ಇದೆ. ಹಣ್ಣುಹಂಪಲು, ಬಟ್ಟೆಬರೆ, ಕೂಲಿನಾಲಿ, ಅದರ ಕೆಳಗೆ ಕೋಟೆಕೊತ್ತಲ. ‘ಎರಡನೇ ಪದಕ್ಕೆ ಅರ್ಥವಿಲ್ಲ, ಪ್ರಾಸಕ್ಕಾಗಿ ಬಂದಿದೆ’ ಅಂತ ಬರೆಸಿದ್ದಾರೆ. ಕೊತ್ತಲಕ್ಕೆ ನಿಜವಾಗಿಯೂ ಅರ್ಥ ಇಲ್ವಾ? ಹಾಗೇ ಕೋಟೆ ಅನ್ನೋ ಪದ ಕನ್ನಡದ್ದೋ, ಸಂಸ್ಕೃತದ್ದೋ? ಇನ್ನೊಂದು ಗುಂಪಿನಲ್ಲಿ ಕೇಳಿದ್ದಕ್ಕೆ ‘ಕೋಟಿ ಖರ್ಚು ಮಾಡಿ ಕಟ್ಟಿದ್ದಕ್ಕೆ ಕೋಟೆ’ ಅಂತ ಒಬ್ಬರು ಹೇಳಿದರು. ನಂಬೋಕೆ ಮನಸ್ಸು ಬರಲಿಲ್ಲ. ತಿಳಿದವರು ಹೇಳಿ.

ದುರ್ಗದ ಹುಡುಗ:
ಅರ್ಥ ಇಲ್ಲ ಅಂದ್ರೆ ಹೇಗೆ ಸರ್! ಕೊತ್ತಲ ಇಲ್ಲದೆ ಕೋಟೆ ಒಂದು ದಿನವೂ ನಿಲ್ಲೋದಿಲ್ಲ.

ಚಿತ್ರದುರ್ಗಕ್ಕೆ ಬಂದರೆ ಕೈಯಲ್ಲಿ ಮುಟ್ಟಿ ತೋರಿಸ್ತೀನಿ. ಕೋಟೆಯ ಗೋಡೆ ಸುಮ್ನೆ ನೆಟ್ಟಗೆ ಹೋಗೋದಿಲ್ಲ. ನಡುನಡುವೆ ಹೊರಕ್ಕೆ ಉಬ್ಬಿದ, ಗೋಡೆಗಿಂತ ಗಟ್ಟಿಯಾದ ಕಟ್ಟಡ ಇರುತ್ತದೆ. ಅದೇ ಕೊತ್ತಲ. ಯಾಕೆ ಬೇಕು ಅಂದ್ರೆ, ನೀವು ನೇರ ಗೋಡೆಯ ಮೇಲೆ ನಿಂತಿದ್ದೀರಿ ಅಂದುಕೊಳ್ಳಿ. ಶತ್ರು ಗೋಡೆಯ ಬುಡಕ್ಕೇ ಬಂದು ಅಂಟಿಕೊಂಡರೆ ನಿಮಗೆ ಅವನು ಕಾಣೋದೇ ಇಲ್ಲ. ಕಾಣಬೇಕು ಅಂದ್ರೆ ಹೊರಗೆ ಬಗ್ಗಬೇಕು. ಬಗ್ಗಿದರೆ ಕೆಳಗಿನವನ ಬಾಣಕ್ಕೆ ತಲೆ ಕೊಟ್ಟ ಹಾಗೆ. ಅದೇ ಮುಂದೆ ಚಾಚಿದ ಕೊತ್ತಲದ ಮೇಲೆ ನಿಂತರೆ ಗೋಡೆಯ ಬುಡ ಉದ್ದಕ್ಕೂ ಪಕ್ಕದಿಂದ ಕಾಣುತ್ತದೆ. ಏಣಿ ಹಾಕುವವನನ್ನು ಈ ಕೊತ್ತಲದವರೂ ಹೊಡೀಬಹುದು, ಆ ಕಡೆಯ ಕೊತ್ತಲದವರೂ ಹೊಡೀಬಹುದು.

ಹಾಗಾಗಿ ‘ಕೋಟೆಕೊತ್ತಲ’ ಅಂದ್ರೆ ಗೋಡೆ ಮತ್ತು ಅದರ ಕಾವಲು ಬಲ, ಎರಡೂ ಸೇರಿ. ಪ್ರಾಸ ಅಂತೆ ಪ್ರಾಸ.

ಸುಮ್ನೆ ಓದುಗ:
ಪ್ರಾಸಕ್ಕೆ ಬೇಕಾದ್ರೆ ‘ಕೋಟೆಗೀಟೆ’ ಇದೆಯಲ್ಲ. ಅದಕ್ಕೆ ಮಾತ್ರ ನಿಜವಾಗಿ ಅರ್ಥ ಇಲ್ಲ.

ನಿಘಂಟುಪ್ರಿಯೆ:
ದುರ್ಗದ ಹುಡುಗ ಅವರು ಹೇಳಿದ್ದು ಸರಿ. ಪದದ ಕಡೆಯಿಂದ ನಾನೊಂದಿಷ್ಟು ಸೇರಿಸ್ತೀನಿ. ಸ್ವಲ್ಪ ಉದ್ದ ಆಗಬಹುದು.

ಮೊದಲು ಕೊತ್ತಲ. ಹಳೆಯ ರೂಪ ಕೊತ್ತಳ, ಕೊನೆಗೆ ಳಕಾರ. ವಿಜಯನಗರ ಕಾಲದ ಶಾಸನಗಳಲ್ಲಿ ಇಂಥವರು ಕೊತ್ತಳ ಕಟ್ಟಿಸಿದರು ಅನ್ನೋ ಮಾತು ಬರುತ್ತದೆ. ಅರ್ಥವಿಲ್ಲದ ಪ್ರಾಸಪದವನ್ನು ಯಾರೂ ದುಡ್ಡು ಕೊಟ್ಟು ಕಟ್ಟಿಸಿ, ಮೇಲೆ ಕಲ್ಲಲ್ಲಿ ಬರೆಸೋದಿಲ್ಲ ಅಲ್ವಾ! ತಮಿಳಿನಲ್ಲಿ ಇದೇ ಪದ ಕೊತ್ತಳಂ, ಮಲಯಾಳದಲ್ಲೂ ಕೊತ್ತಳಂ, ತೆಲುಗಿನಲ್ಲಿ ಕೊತ್ತಡಮು. ನಾಲ್ಕೂ ಕಡೆ ಅರ್ಥ ಹೆಚ್ಚುಕಡಿಮೆ ಒಂದೇ. ಅಂದ್ರೆ ಇದು ದಕ್ಷಿಣದ ಭಾಷೆಗಳ ಮನೆಯದೇ ಸ್ವತ್ತು.

ಇನ್ನು ಕೋಟೆ. ತಮಿಳು ಕೋಟ್ಟೈ, ಮಲಯಾಳ ಕೋಟ್ಟ, ತೆಲುಗು ಕೋಟ, ತುಳು ಕೋಟೆ. ಹಳಗನ್ನಡದಲ್ಲಿ ಕೋಂಟೆ ಅನ್ನೋ ರೂಪವೂ ಇದೆ. ಸಂಸ್ಕೃತದಲ್ಲಿ ಕೋಟ, ಕೋಟ್ಟ ಅಂತ ಇರುವುದು ನಿಜ. ಆದರೆ ವೇದದ ಭಾಷೆಯಲ್ಲಿ ಈ ಪದ ಇಲ್ಲ. ಅಲ್ಲಿ ಭದ್ರವಾದ ಜಾಗಕ್ಕೆ ‘ಪುರ್’ ಅಂತಾರೆ. ಇಂದ್ರನಿಗೆ ಪುರಂದರ ಅನ್ನೋ ಹೆಸರು ಬಂದದ್ದೇ ಶತ್ರುಗಳ ಪುರ್ ಒಡೆದದ್ದಕ್ಕೆ. ಕೋಟ್ಟ ಸಂಸ್ಕೃತದಲ್ಲಿ ಕಾಣಿಸಿಕೊಳ್ಳುವುದು ಬಹಳ ತಡವಾಗಿ. ದಕ್ಷಿಣದ ಭಾಷೆಗಳಲ್ಲಿ ಮಾತ್ರ ಮೂಲೆ ಮೂಲೆಗೂ ಹರಡಿದೆ. ಬರೋ ಮತ್ತು ಎಮೆನೋ ಮಾಡಿದ ದ್ರಾವಿಡ ಪದಮೂಲ ನಿಘಂಟು 1961ರಲ್ಲಿ ಬಂತು, ಪರಿಷ್ಕರಿಸಿದ್ದು 1984ರಲ್ಲಿ. ಅದರಲ್ಲಿ ಕೋಟೆಯನ್ನು ದ್ರಾವಿಡ ಪದಗಳ ಗುಂಪಿನಲ್ಲೇ ಇಟ್ಟಿದ್ದಾರೆ. ಸಂಸ್ಕೃತಕ್ಕೆ ಇಲ್ಲಿಂದ ಹೋಗಿದೆ ಅನ್ನೋದು ಭಾಷಾತಜ್ಞರಲ್ಲಿ ಹೆಚ್ಚಿನವರ ಮಾತು.

‘ಕೋಟಿ’ ಕಥೆ ಬಿಟ್ಟುಬಿಡಿ. ಸಂಸ್ಕೃತದಲ್ಲಿ ಕೋಟಿ ಅಂದ್ರೆ ಮೊದಲು ತುದಿ, ಕೊನೆ. ಬಿಲ್ಲಿನ ತುದಿಗೂ ಕೋಟಿ ಅಂತಾರೆ. ಆಮೇಲೆ ಸಂಖ್ಯೆ. ಕೋಟೆಗೂ ಅದಕ್ಕೂ ನಂಟಿಲ್ಲ.

ಶಬ್ದಪ್ರೇಮಿ:
ನಿಘಂಟುಪ್ರಿಯೆ ಮೇಡಂ, ಒಂದು ಆಕ್ಷೇಪ. ಉತ್ತರ ಭಾರತದ ತುಂಬಾ ‘ಕೋಟ್’ ಇರುವ ಊರುಗಳೇ. ರಾಜಕೋಟ್, ಪಠಾಣ್‌ಕೋಟ್, ಸಿಯಾಲ್‌ಕೋಟ್, ಬಾಲಾಕೋಟ್. ಸಿಯಾಲ್‌ಕೋಟ್ ಈಗ ಪಾಕಿಸ್ತಾನದ ಪಂಜಾಬ್‌ನಲ್ಲಿದೆ. ಅಲ್ಲಿವರೆಗೂ ದ್ರಾವಿಡ ಪದ ಹೋಗಿ ಕೂತಿದೆ ಅಂತೀರಾ? ಸಂಸ್ಕೃತದಿಂದ ನಮಗೆ ಬಂದಿದೆ ಅಂದ್ರೆ ಲೆಕ್ಕ ಸುಲಭ ಅಲ್ವಾ?

ನಿಘಂಟುಪ್ರಿಯೆ:
ಲೆಕ್ಕ ಸುಲಭ, ಆದರೆ ತಾಳೆ ಆಗೋದಿಲ್ಲ ಸರ್. ಪದ ಎಲ್ಲಿ ಹರಡಿದೆ ಅನ್ನೋದು ಒಂದು, ಎಲ್ಲಿ ಹುಟ್ಟಿದೆ ಅನ್ನೋದು ಇನ್ನೊಂದು. ಸಂಸ್ಕೃತಕ್ಕೆ ಒಮ್ಮೆ ಸೇರಿದ ಮೇಲೆ ಅದು ಪ್ರಾಕೃತಗಳಿಗೆ, ಅಲ್ಲಿಂದ ಹಿಂದಿ, ಪಂಜಾಬಿ, ಗುಜರಾತಿಗೆ ಹೋಗೋದಕ್ಕೆ ಏನಡ್ಡಿ? ಸಂಸ್ಕೃತ ದೊಡ್ಡ ಭಾಷೆ, ಎಲ್ಲ ಕಡೆಯಿಂದಲೂ ತಗೊಂಡಿದೆ, ಎಲ್ಲ ಕಡೆಗೂ ಕೊಟ್ಟಿದೆ. ಕಿಟ್ಟೆಲ್ 1894ರ ನಿಘಂಟಿನ ಮುನ್ನುಡಿಯಲ್ಲೇ ದ್ರಾವಿಡದಿಂದ ಸಂಸ್ಕೃತಕ್ಕೆ ಹೋದವು ಅಂತ ಉದ್ದದ ಪಟ್ಟಿ ಕೊಟ್ಟಿದ್ದಾರೆ. ಅದರಲ್ಲಿ ಅವಮಾನ ಯಾರಿಗೂ ಇಲ್ಲ.

ಉತ್ತರಕ್ಕೆ ಹೋದ ಮೇಲೆ ಈ ಪದ ಮಾಡಿದ ಸಂಸಾರ ನೋಡಿ. ಕೋಟ್ಟಪಾಲ ಅಂದ್ರೆ ಕೋಟೆ ಕಾಯುವವನು. ಅದು ಸವೆದು ಸವೆದು ಕೊತ್ವಾಲ್ ಆಯಿತು. ಮೊಗಲರ ಕಾಲಕ್ಕೆ ಕೊತ್ವಾಲ ಇಡೀ ನಗರದ ಪೊಲೀಸ್ ಅಧಿಕಾರಿ. ಚಿಕ್ಕ ಕೋಟೆಗೆ ಕೋಟ್ಲಾ. ದೆಹಲಿಯ ಫಿರೋಜ್ ಶಾ ಕೋಟ್ಲಾ ಮೈದಾನ ಕ್ರಿಕೆಟ್ ನೋಡುವವರಿಗೆಲ್ಲ ಗೊತ್ತು. ಪಕ್ಕದಲ್ಲೇ 14ನೇ ಶತಮಾನದ ಸುಲ್ತಾನನ ಕೋಟೆ ಇದೆ, ಮೈದಾನಕ್ಕೆ ಹೆಸರು ಬಂದದ್ದು ಅದರಿಂದ. ನಮ್ಮ ಕೋಟೆಯ ನೆಂಟನೇ ಅದು.

ಸುಮ್ನೆ ಓದುಗ:
2019ರಲ್ಲಿ ಸ್ಟೇಡಿಯಂ ಹೆಸರು ಬದಲಾಯಿತು. ಕಾಮೆಂಟರಿಯವರ ಬಾಯಲ್ಲಿ ಈಗಲೂ ಕೋಟ್ಲಾನೇ.

ಮದರಾಸಿನ ಕನ್ನಡಿಗ:
ಚೆನ್ನೈನಲ್ಲಿ ಇರೋನು ನಾನು. ಇಲ್ಲಿ ಕೊತ್ತಳಂ ಪದ ಪ್ರತಿ ವರ್ಷ ಟಿ.ವಿ.ಯಲ್ಲಿ ಬರುತ್ತದೆ. ಆಗಸ್ಟ್ 15ಕ್ಕೆ ಮುಖ್ಯಮಂತ್ರಿ ಸೇಂಟ್ ಜಾರ್ಜ್ ಕೋಟೆಯಲ್ಲಿ ಧ್ವಜ ಹಾರಿಸ್ತಾರಲ್ಲ, ಸುದ್ದಿಯವರು ‘ಕೋಟ್ಟೈ ಕೊತ್ತಳತ್ತಿಲ್’ ಅಂತಲೇ ಓದೋದು. 1974ಕ್ಕೆ ಮುಂಚೆ ರಾಜ್ಯಗಳಲ್ಲಿ ಆ ದಿನ ರಾಜ್ಯಪಾಲರು ಹಾರಿಸುತ್ತಿದ್ದರು. ಕರುಣಾನಿಧಿ ಕೇಂದ್ರಕ್ಕೆ ಬರೆದು ಮುಖ್ಯಮಂತ್ರಿಗಳಿಗೆ ಆ ಹಕ್ಕು ಕೊಡಿಸಿದರು. ಇಲ್ಲಿನ ಶಾಲೆ ಮಕ್ಕಳಿಗೆ ಕೊತ್ತಳಂ ಅಂದ್ರೆ ಏನು ಅಂತ ಕೇಳಿದರೆ ‘ಧ್ವಜ ಹಾರಿಸೋ ಜಾಗ’ ಅಂತಾರೆ. ಅರ್ಥ ಇಲ್ಲ ಅನ್ನೋದಕ್ಕಿಂತ ವಾಸಿ.

ಗುಮ್ಮಟನಗರಿ:
ನಮ್ಮ ವಿಜಯಪುರದ ಕಡೆ ಕೊತ್ತಲ ಅನ್ನೋದು ಪುಸ್ತಕದ ಮಾತು ಆಯ್ತ್ರೀ. ಬಾಯಲ್ಲಿ ಬರೋದು ಬುರುಜು. ಕೋಟೆಗೂ ಕಿಲ್ಲಾ ಅಂತೀವಿ. ಬೆಳಗಾವಿ, ಬಾಗಲಕೋಟೆ ಕಡೆಗೂ ಕಿಲ್ಲಾ ಅಂದ್ರೆ ಎಲ್ಲರಿಗೂ ಗೊತ್ತು. ಕಿಲ್ಲೇದಾರ ಅನ್ನೋ ಮನೆತನದ ಹೆಸರು ಈಗಲೂ ಇದೆ.

ಕಿಲ್ಲಾ ಬಂದದ್ದು ಅರಬ್ಬಿಯ ‘ಕಲ್‌ಅ’ದಿಂದ, ಪಾರ್ಸಿ ಮೂಲಕ. ಬುರುಜೂ ಅರಬ್ಬಿಯದೇ, ಬುರ್ಜ್ ಅಂದ್ರೆ ಗೋಪುರ. ದುಬೈನ ಬುರ್ಜ್ ಖಲೀಫಾಕ್ಕೂ ನಮ್ಮ ಉಪ್ಲಿ ಬುರುಜಿಗೂ ಪದ ಒಂದೇ, ಎತ್ತರ ಮಾತ್ರ ಬೇರೆ. ಉಪ್ಲಿ ಬುರುಜು ಸುಮಾರು 80 ಅಡಿ, 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ್ದು. ದುಂಡಗಿನ ಗೋಪುರ. ಹತ್ತೋ ಮೆಟ್ಟಿಲು ಒಳಗಿಲ್ಲ, ಹೊರಮೈಗೆ ಸುತ್ತಿಕೊಂಡು ಮೇಲೆ ಹೋಗ್ತದೆ. ಮೇಲೆ ಹೋದರೆ ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಬಳೆ ಬಳೆಯಾಗಿ ಬಿಗಿದ ತೋಪು ಮಲಗಿದೆ. ಉದ್ದ 30 ಅಡಿ ಮೀರಿ. ಬಿಸಿಲಿಗೆ ಕಾದಿದ್ದಾಗ ಕೈ ಇಟ್ಟು ನೋಡಬೇಡಿ, ಹೇಳಿದ್ದೀನಿ.

ಇನ್ನೊಂದು ಶೇರ್ಜಾ ಬುರುಜು, ಮಲಿಕ್-ಎ-ಮೈದಾನ್ ತೋಪು ಇರೋದು. ಆ ತೋಪು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಅಂಥದ್ದು ಹೊರಬೇಕು ಅಂದ್ರೆ ಕೆಳಗಿನ ಕಟ್ಟಡ ಎಷ್ಟು ಗಟ್ಟಿ ಇರಬೇಕು ವಿಚಾರ ಮಾಡ್ರಿ. ಅದಕ್ಕೇ ನಾನು ಹೇಳೋದು, ಬುರುಜು ಮತ್ತು ಕೊತ್ತಲ ಒಂದೇ ಅರ್ಥದ ಎರಡು ಪದ ಅಲ್ಲ. ಬಿಲ್ಲು ಬಾಣದವರು ಕಟ್ಟಿದ್ದು ಕೊತ್ತಲ, ತೋಪಿನವರು ಕಟ್ಟಿದ್ದು ಬುರುಜು.

ದುರ್ಗದ ಹುಡುಗ:
ಇದು ಸ್ವಲ್ಪ ಜಾಸ್ತಿ ಆಯ್ತು ಗುಮ್ಮಟನಗರಿ ಅವರೇ. ತೋಪು ಬಂದ ಮೇಲೂ ದಕ್ಷಿಣದ ಕಡೆ ಕೊತ್ತಲ ಅಂತಲೇ ಕರೆದಿದ್ದಾರೆ.

ಗುಮ್ಮಟನಗರಿ:
ಹೆಸರು ಉಳೀತು, ಒಪ್ಪಿದೆ. ಆದರೆ ಆಕಾರ ಬದಲಾಯ್ತಲ್ಲ? ಹಂಪಿಗೆ ಹೋಗಿ ನೋಡ್ರಿ. ಅಲ್ಲಿ ಗೋಡೆಗೆ ಹೆಚ್ಚಾಗಿ ಚೌಕ ಕೊತ್ತಲ. ನಮ್ಮಲ್ಲಿ, ಬೀದರ್‌ನಲ್ಲಿ ದುಂಡಗಿನವು ಜಾಸ್ತಿ. ಚೌಕದ ಮೂಲೆಗೆ ಗುಂಡು ಬಿದ್ದರೆ ಮೂಲೆ ಮುರೀತದೆ. ದುಂಡಗಿದ್ದರೆ ಗುಂಡು ಜಾರಿ ಪಕ್ಕಕ್ಕೆ ಹೋಗೋ ಸಂಭವ ಜಾಸ್ತಿ. ತೋಪನ್ನೂ ಬೇಕಾದ ಕಡೆ ತಿರುಗಿಸಬಹುದು.

ಲೆಕ್ಕದ ಮೇಷ್ಟ್ರು:
ಚೌಕದ ವಿಷಯ ಬಂತಲ್ಲ, ಕೌಟಿಲ್ಯನ ಅರ್ಥಶಾಸ್ತ್ರದ ಎರಡನೇ ಅಧಿಕರಣದಲ್ಲಿ ಕೋಟೆ ಕಟ್ಟುವ ಅಧ್ಯಾಯ ಇದೆ. ಗೋಡೆಯ ಮೇಲಿನ ಗೋಪುರಕ್ಕೆ ಅಲ್ಲಿ ‘ಅಟ್ಟಾಲಕ’ ಅಂತಾರೆ. ಅದು ಚೌಕ ಇರಬೇಕು, ಒಂದಕ್ಕೂ ಇನ್ನೊಂದಕ್ಕೂ 30 ದಂಡ ಅಂತರ ಇರಬೇಕು ಅಂತ ಹೇಳಿದೆ. ಒಂದು ದಂಡ ಅಂದ್ರೆ 4 ಮೊಳ, ಅಂದ್ರೆ 6 ಅಡಿ ಹಿಡೀರಿ. ಒಟ್ಟು 180 ಅಡಿ. ಎರಡೂ ಗೋಪುರದಿಂದ ಬಿಟ್ಟ ಬಾಣ ಮಧ್ಯಕ್ಕೆ ಸಲೀಸಾಗಿ ತಲುಪುತ್ತದೆ. ದುರ್ಗದ ಹುಡುಗ ಮೇಲೆ ಹೇಳಿದ ಲೆಕ್ಕವೇ ಇದು.

ಅದೇ ಅಧ್ಯಾಯದಲ್ಲಿ ದುರ್ಗಗಳ ವಿಂಗಡಣೆಯೂ ಇದೆ. ನೀರಿನ ನಡುವಿನದು ಔದಕ, ಬೆಟ್ಟದ್ದು ಪಾರ್ವತ, ಮರುಭೂಮಿಯದು ಧಾನ್ವನ, ಕಾಡಿನದು ವನದುರ್ಗ. ನಮ್ಮ ಜಿಲ್ಲೆ ಕಡೆಗೆ ಇವು ಪುಸ್ತಕದ ಮಾತಲ್ಲ, ಊರ ಹೆಸರು. ಲಿಂಗಸುಗೂರು ಕಡೆ ಕೃಷ್ಣೆಯ ನಡುಗಡ್ಡೆಯಲ್ಲಿ ಜಲದುರ್ಗ ಇದೆ. ಶಹಾಪುರ ತಾಲ್ಲೂಕಿನಲ್ಲಿ ವನದುರ್ಗ ಇದೆ.

ಕಲ್ಲುಬಂಡೆ:
ಮೇಷ್ಟ್ರೇ, ಹಾಗಾದ್ರೆ ದುರ್ಗಕ್ಕೂ ಕೋಟೆಗೂ ವ್ಯತ್ಯಾಸ ಏನು? ನಾವು ಎರಡನ್ನೂ ಒಂದೇ ಥರ ಬಳಸ್ತೀವಿ.

ಲೆಕ್ಕದ ಮೇಷ್ಟ್ರು:
ದುರ್ಗ ಅಂದ್ರೆ ದುರ್ + ಗ, ಹೋಗೋದಕ್ಕೆ ಕಷ್ಟವಾದದ್ದು. ಪದದಲ್ಲಿ ಗೋಡೆಯ ಸುದ್ದಿಯೇ ಇಲ್ಲ ನೋಡಿ. ಜಾಗದ ಕಷ್ಟವೇ ರಕ್ಷಣೆ. ಕೋಟೆಗೆ ಗೋಡೆ ಬೇಕೇ ಬೇಕು. ಹಾಗಾಗಿ ಬಯಲಲ್ಲಿ ಕೋಟೆ ಕಟ್ಟಬಹುದು, ದುರ್ಗ ಕಟ್ಟೋಕಾಗಲ್ಲ. ಸಾವನದುರ್ಗಕ್ಕೆ ಮನುಷ್ಯ ಗೋಡೆ ಕಟ್ಟುವ ಮೊದಲೇ ಆ ಬಂಡೆಯೇ ದುರ್ಗ ಆಗಿತ್ತು.

ದಂಡು ಸ್ಟೇಷನ್:
ಸಾವನದುರ್ಗವನ್ನು ಬ್ರಿಟಿಷರು 1791ರ ಡಿಸೆಂಬರ್‌ನಲ್ಲಿ ಹಿಡಿದರು, ಅದಕ್ಕೂ ಮುಂಚೆ ಅಕ್ಟೋಬರ್‌ನಲ್ಲಿ ನಂದಿದುರ್ಗ. ಹೋಗೋದಕ್ಕೆ ಕಷ್ಟ ಅಂತ ಹೆಸರಿಟ್ಟಿದ್ದು ಅವರಿಗೆ ಯಾರೂ ಹೇಳಲಿಲ್ಲ ಅನ್ಸುತ್ತೆ.

ತಮಾಷೆ ಪಕ್ಕಕ್ಕಿಡಿ. ದುರ್ಗ ಅವರ ಬಾಯಲ್ಲಿ ‘ಡ್ರೂಗ್’ ಆಯಿತು. ಚಿತ್ರದುರ್ಗ ಚಿತಲ್‌ಡ್ರೂಗ್. ನಂದಿದುರ್ಗ ನಂದಿಡ್ರೂಗ್, ಕೆ.ಜಿ.ಎಫ್.ನಲ್ಲಿ ಅದೇ ಹೆಸರಿನ ಗಣಿಯೂ ಇತ್ತು. ಲಂಡನ್ನಿನ ಶೂಟರ್ಸ್ ಹಿಲ್ ಮೇಲೆ ‘ಸೆವರ್ನ್‌ಡ್ರೂಗ್ ಕ್ಯಾಸಲ್’ ಅನ್ನೋ ಗೋಪುರ ಇದೆ. 1784ರಲ್ಲಿ ಕಟ್ಟಿದ್ದು. ಅದನ್ನು ಸಾವನದುರ್ಗ ಅಂದುಕೊಳ್ಳುವವರಿದ್ದಾರೆ, ಅಲ್ಲ. ಕೊಂಕಣ ಕರಾವಳಿಯ ಸುವರ್ಣದುರ್ಗ ಅದು. ವಿಲಿಯಂ ಜೇಮ್ಸ್ ಅನ್ನೋ ನೌಕಾಧಿಕಾರಿ 1755ರಲ್ಲಿ ಆ ಕೋಟೆ ಹಿಡಿದಿದ್ದ. ಅವನು ಸತ್ತ ಮೇಲೆ ಹೆಂಡತಿ ಅವನ ನೆನಪಿಗೆ ಕಟ್ಟಿಸಿದಳು. ಸಾವನದುರ್ಗ ಅವರ ಕೈಗೆ ಬಂದದ್ದು ಅದಾಗಿ 7 ವರ್ಷಕ್ಕೆ.

ಕಡಲತಡಿ:
ಯಾರೂ ‘ಬತ್ತೇರಿ’ ಬಗ್ಗೆ ಹೇಳಲಿಲ್ಲ ಮಾರಾಯ್ರೆ! ಮಂಗಳೂರಿನ ಬೋಳೂರಿನಲ್ಲಿ ಸುಲ್ತಾನ್ ಬತ್ತೇರಿ ಇದೆ. ಗುರುಪುರ ನದಿಯ ದಡದಲ್ಲಿ ಕಪ್ಪು ಕಲ್ಲಿನ ಕಾವಲು ಗೋಪುರ, 1784ರಲ್ಲಿ ಟಿಪ್ಪು ಕಟ್ಟಿಸಿದ್ದು. ನದಿಯಲ್ಲಿ ಒಳಗೆ ಬರುವ ಹಡಗುಗಳ ಮೇಲೆ ಕಣ್ಣಿಡೋದಕ್ಕೆ. ನೋಡಲಿಕ್ಕೆ ಸಣ್ಣದು, ಆದರೆ ಗೋಡೆಯಲ್ಲಿ ಸುತ್ತಲೂ ತೋಪಿನ ಕಿಂಡಿಗಳಿವೆ. ವಯನಾಡಿನಲ್ಲೂ ಸುಲ್ತಾನ್ ಬತ್ತೇರಿ ಅನ್ನೋ ಊರೇ ಇದೆ. ಅದರ ಹಳೆಯ ಹೆಸರು ಗಣಪತಿವಟ್ಟಂ. ಅಲ್ಲಿನ ಜೈನ ಬಸದಿಯನ್ನು ಟಿಪ್ಪುವಿನ ಸೈನ್ಯ ಮದ್ದುಗುಂಡು ಇಡೋದಕ್ಕೆ ಬಳಸಿತು, ಊರಿಗೆ ಅದೇ ಹೆಸರು ನಿಂತಿತು.

ಬತ್ತೇರಿ ಇಂಗ್ಲಿಷಿನ ‘ಬ್ಯಾಟರಿ’. ಮೂಲ ಫ್ರೆಂಚ್, ‘ಹೊಡೆ’ ಅನ್ನೋ ಕ್ರಿಯಾಪದದಿಂದ ಬಂದದ್ದು. ಸಾಲಾಗಿ ಇಟ್ಟ ತೋಪುಗಳಿಗೆ ಬ್ಯಾಟರಿ ಅಂತಿದ್ದರು. ಹಾಗಾದ್ರೆ ಮೊಬೈಲ್ ಬ್ಯಾಟರಿ? ಅದೂ ಇದೇ. ಬೆಂಜಮಿನ್ ಫ್ರಾಂಕ್ಲಿನ್ 18ನೇ ಶತಮಾನದಲ್ಲಿ ವಿದ್ಯುತ್ ತುಂಬಿದ ಗಾಜಿನ ಜಾಡಿಗಳನ್ನು ಸಾಲಾಗಿ ಜೋಡಿಸಿ, ತೋಪಿನ ಸಾಲಿನ ಹೆಸರನ್ನೇ ಅದಕ್ಕೆ ಇಟ್ಟ.

ಸುಮ್ನೆ ಓದುಗ:
ನನ್ನ ಫೋನಿನ ಬತ್ತೇರಿ ಸಂಜೆಗೆ ಶರಣಾಗತಿ.

ದುರ್ಗದ ಹುಡುಗ:
ಕಡಲತಡಿ ಅವರೇ, ನಮ್ಮಲ್ಲೂ ಬತೇರಿನೇ! ಚಿತ್ರದುರ್ಗದವರು ಗುಡ್ಡದ ಮೇಲಿನ ಆ ದುಂಡು ಗೋಪುರಗಳಿಗೆ ಕೊತ್ತಲ ಅನ್ನೋದಕ್ಕಿಂತ ಬತೇರಿ ಅನ್ನೋದೇ ಜಾಸ್ತಿ. ಝಂಡಾ ಬತೇರಿ, ಲಾಲ್ ಬತೇರಿ. 1779ರಲ್ಲಿ ಹೈದರಾಲಿ ಮದಕರಿ ನಾಯಕರಿಂದ ದುರ್ಗ ತಗೊಂಡ, ಆಮೇಲೆ ಬಂದ ಪದ ಇರಬೇಕು. ನಾಯಕರ ಕಾಲದ ಕೊತ್ತಲಕ್ಕೆ ತೋಪು ಏರಿತು, ಹೆಸರೂ ಬದಲಾಯಿತು. ಗುಮ್ಮಟನಗರಿ ಅವರ ವಾದಕ್ಕೆ ನಾನೇ ಸಾಕ್ಷಿ ಕೊಟ್ಟ ಹಾಗಾಯ್ತಲ್ಲ.

ಗುಮ್ಮಟನಗರಿ:
ಅದಕ್ಕೇ ನಾನು ಸುಮ್ನೆ ಕೂತಿದ್ದೆ 😀

ಕೊಡಗಿನ ಮಳೆ:
ನಮ್ಮದೂ ಒಂದು ಪದ ಸೇರಿಸಿ. ಕಡಂಗ. ಕೊಡಗಿನಲ್ಲಿ ಹಿಂದೆ ನಾಡು ನಾಡಿನ ನಡುವೆ ಉದ್ದಕ್ಕೆ ತೋಡಿದ ಆಳದ ಕಂದಕಗಳಿವೆ. ತೋಡಿದ ಮಣ್ಣನ್ನು ಒಂದು ಪಕ್ಕ ಏರಿ ಹಾಕುತ್ತಿದ್ದರು. ಗುಡ್ಡ ಹತ್ತಿ ಇಳಿದು ಮೈಲುಗಟ್ಟಲೆ ಹೋಗುತ್ತವೆ. ಈಗ ಕಾಫಿ ತೋಟದೊಳಗೆ ಕಾಡು ಬೆಳೆದು ಮುಚ್ಚಿಹೋಗಿವೆ, ಕಾಲಿಟ್ಟಾಗಲೇ ಗೊತ್ತಾಗೋದು. ಕಲ್ಲಿಲ್ಲ, ಗಾರೆಯಿಲ್ಲ, ಗೋಡೆಯಿಲ್ಲ. ಆದರೂ ಸೈನ್ಯ ತಡೆಯೋ ಕೆಲಸ ಮಾಡಿದೆ. ವಿರಾಜಪೇಟೆ ಕಡೆ ಕಡಂಗ ಅನ್ನೋ ಊರೇ ಇದೆ.

ನಿಘಂಟುಪ್ರಿಯೆ:
ಕಡಂಗ ಸೊಗಸಾದ ಪದ. ಕಂದಕದ ಮೂಲವನ್ನೂ ಇಲ್ಲೇ ಹೇಳಿಬಿಡ್ತೀನಿ, ಇದನ್ನು ಬಹಳ ಜನ ಸಂಸ್ಕೃತ ಅಂದುಕೊಂಡಿದ್ದಾರೆ. ಪಾರ್ಸಿಯಲ್ಲಿ ‘ಕಂದನ್’ ಅಂದ್ರೆ ಅಗೆಯೋದು. ಅಗೆದದ್ದು ಕಂದಗ್. ಅದು ಅರಬ್ಬಿಗೆ ಹೋಗಿ ಖಂದಕ್ ಆಯಿತು, ಅಲ್ಲಿಂದ ತಿರುಗಿ ನಮ್ಮ ಕಡೆ ಬಂತು.

ಅದಕ್ಕೂ ಮುಂಚೆ ಕನ್ನಡದಲ್ಲಿ ಇದ್ದದ್ದು ಅಗಳು. ಹಳಗನ್ನಡದಲ್ಲಿ ಅಗೞ್. ತಮಿಳಿನವರು ಇಂದಿಗೂ ಅಗಳಿ ಅಂತಾರೆ, ಅಲ್ಲೂ ಮೂಲ ಅರ್ಥ ತೋಡೋದೇ. ಪಾರ್ಸಿ, ಕನ್ನಡ ಎರಡು ಬೇರೆ ಬೇರೆ ಭಾಷೆ, ಎರಡರಲ್ಲೂ ಪದ ಹುಟ್ಟಿದ್ದು ಗುದ್ದಲಿ ಹಿಡಿದವನ ಕೆಲಸದಿಂದ. ಇದು ನನಗೆ ಬಹಳ ಇಷ್ಟ.

ಕಳೆದುಹೋಗ್ತಿರೋ ಇನ್ನೆರಡು ಪದ. ಗೋಡೆಯ ಮೇಲೆ ಸೈನಿಕರು ಓಡಾಡುವ ಜಾಗಕ್ಕೆ ಆಳುವೇರಿ. ಇಲ್ಲಿ ಆಳು ಅಂದ್ರೆ ಕಾಲಾಳು. ಗೋಡೆಯ ತಲೆಯ ಮೇಲೆ ಹಲ್ಲು ಹಲ್ಲಾಗಿ ಎದ್ದು ನಿಂತಿರುತ್ತದಲ್ಲ, ಅದರ ಮರೆಯಲ್ಲಿ ನಿಂತು ಬಾಣ ಬಿಡೋದು, ಅದಕ್ಕೆ ತೆನೆ ಅಂತಾರೆ. ಜೋಳದ ತೆನೆಯ ತೆನೆಯೇ. ದೂರದಿಂದ ಕೋಟೆ ನೋಡಿದರೆ ಈ ಹೆಸರು ಇಟ್ಟವನು ಹೊಲದ ಮನುಷ್ಯ ಅನ್ನೋದು ಗೊತ್ತಾಗುತ್ತದೆ.

ಲೆಕ್ಕದ ಮೇಷ್ಟ್ರು:
ನಮ್ಮ ಕಡೆ ಹಳ್ಳಿಯಲ್ಲಿ ಹುಡೇವು ಅಂತಾರೆ. ಅರಸನ ಕೋಟೆ ಅಲ್ಲ, ಊರಿನವರೇ ದರೋಡೆಕೋರರ ಭಯಕ್ಕೆ ಕಟ್ಟಿಕೊಂಡ ದುಂಡು ಗೋಪುರ. ಕೊಪ್ಪಳ, ಗದಗ ಕಡೆಗೂ ಈ ಮಾತಿದೆ. ಹುಡೇದ ಅನ್ನೋ ಮನೆತನದವರು ಸಿಗ್ತಾರೆ. ಊರ ಹೆಬ್ಬಾಗಿಲಿಗೆ ಅಗಸಿ. ಊರು ಬೆಳೆದು ಅಗಸಿಯ ಆಚೆಗೆ ಬಸ್ ಸ್ಟ್ಯಾಂಡ್ ಬಂದಿದ್ದರೂ ‘ಅಗಸಿ ಹತ್ರ ಸಿಗು’ ಅಂತಲೇ ಹೇಳೋದು.

ರಾಯಚೂರು ಕೋಟೆ ನೋಡದವರು ಒಮ್ಮೆ ಬನ್ನಿ. 1294ರ ಶಾಸನ ಇರುವ ಕಲ್ಲು ಗೋಡೆಯಲ್ಲೇ ಕೂತಿದೆ. ಕಾಕತೀಯರ ಕಡೆಯ ವಿಠಲ ಅನ್ನೋ ಅಧಿಕಾರಿ ಕೋಟೆ ಕಟ್ಟಿಸಿದ ವಿಷಯ. ಶಾಸನ ತೆಲುಗಿನಲ್ಲಿದೆ. ಒಂದೇ ಕಲ್ಲು, 41 ಅಡಿಗೂ ಜಾಸ್ತಿ ಉದ್ದ. ಅಷ್ಟು ದೊಡ್ಡದು ಹೇಗೆ ತಂದರು ಅಂತ ನೋಡಿದವರೆಲ್ಲ ಕೇಳೋದೇ. ಉತ್ತರ ಪಕ್ಕದಲ್ಲೇ ಕೆತ್ತಿದ್ದಾರೆ, ಬಂಡಿಯ ಮೇಲೆ ಕಲ್ಲನ್ನು ಏರಿಸಿ ಎಳೆದು ತರುವ ಚಿತ್ರ. ಗೆರೆ ಗೆರೆಯಾಗಿದೆ, ಬಿಸಿಲು ಓರೆಯಾಗಿ ಬಿದ್ದಾಗ ಚೆನ್ನಾಗಿ ಕಾಣುತ್ತದೆ.

ಶಬ್ದಪ್ರೇಮಿ:
ಚರ್ಚೆ ಚೆನ್ನಾಗಿ ಹೋಗ್ತಿದೆ. ಕೋಟೆ ಪದ ದಕ್ಷಿಣದ್ದೇ ಅಂತ ಇಟ್ಟುಕೊಳ್ಳೋಣ. ಹಾಗಾದ್ರೆ ಅದರ ಒಳಗಿನ ಬೇರು ಯಾವುದು? ಕೆಲವರು ‘ಕೋಡು’ ಅಂತಾರೆ, ಬೆಟ್ಟದ ತುದಿ. ಕೊಟ್ಟಿಗೆಗೂ ಸಂಬಂಧ ಹೇಳ್ತಾರೆ.

ನಿಘಂಟುಪ್ರಿಯೆ:
ಕೊಟ್ಟಿಗೆ ಬೇರೆ ಗುಂಪು. ತಮಿಳಿನ ಕೊಟ್ಟಿಲ್ ಅದರ ಜೊತೆಗಾರ, ದನದ ಮನೆ, ಗುಡಿಸಲು ಅನ್ನೋ ಅರ್ಥದ್ದು. ಕೊಟ್ಟಾರವೂ ಇಲ್ಲಿ ಬರೋದಿಲ್ಲ, ಅದು ಸಂಸ್ಕೃತದ ಕೋಷ್ಠಾಗಾರ, ಉಗ್ರಾಣ. ಮೂರನ್ನೂ ‘ಕೊ’ ನೋಡಿ ಒಂದೇ ಹಗ್ಗಕ್ಕೆ ಕಟ್ಟೋದು ಬೇಡ.

ಕೋಡಿನ ಮಾತು ತಳ್ಳಿಹಾಕೋ ಹಾಗಿಲ್ಲ. ತಮಿಳು, ಮಲಯಾಳದಲ್ಲಿ ಕೋಡು ಪದಕ್ಕೆ ಕೋಟೆ ಅನ್ನೋ ಅರ್ಥವೂ ಇದೆ. ಬೆಟ್ಟದ ನೆತ್ತಿಯ ಮೇಲೆ ಕಟ್ಟಿಕೊಂಡ ಕಾಲದ ನೆನಪು ಅಂತ ಓದಿಕೊಳ್ಳಬಹುದು. ಆದರೆ ನಿಘಂಟಿನವರು ಎರಡನ್ನೂ ಒಂದೇ ಬೇರು ಅಂತ ಮುದ್ರೆ ಒತ್ತಿಲ್ಲ, ನಾನೂ ಒತ್ತೋದಿಲ್ಲ.

ದಂಡು ಸ್ಟೇಷನ್:
ಬೆಂಗಳೂರಿನ ಕಡೆಯಿಂದ ಒಂದು ಮಾತು. ಇಲ್ಲಿ ಸೈನ್ಯಕ್ಕೆ ಸಂಬಂಧಪಟ್ಟ ಪದಗಳೇ ಏರಿಯಾಗಳ ಹೆಸರಾಗಿವೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ. ಅದನ್ನು ಕಲ್ಲಿನದು ಮಾಡಿದ್ದು ಹೈದರಾಲಿ, 1761ರಲ್ಲಿ. 1791ರ ಮಾರ್ಚ್ 21ರ ರಾತ್ರಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಒಳಗೆ ನುಗ್ಗಿತು. ಈಗ ಮಾರ್ಕೆಟ್ ಹತ್ತಿರ ಡೆಲ್ಲಿ ಗೇಟ್ ಕಡೆಯ ತುಂಡು ಮಾತ್ರ ಉಳಿದಿದೆ. ಆದರೆ ಹೆಸರು ಎಲ್ಲೂ ಹೋಗಿಲ್ಲ. ಕೋಟೆ ಆಂಜನೇಯ, ಕೋಟೆ ವೆಂಕಟರಮಣ, ಕೋಟೆ ಹೈಸ್ಕೂಲು. ಗೋಡೆ ಬಿದ್ದರೂ ದೇವರು ಅಡ್ರೆಸ್ ಬದಲಾಯಿಸಿಲ್ಲ.

ಇನ್ನೊಂದು ಪಾಳ್ಯ. ಪಾಳೆಯ ಅಂದ್ರೆ ಸೈನ್ಯ ಬೀಡು ಬಿಟ್ಟ ಜಾಗ. ಪಾಳೆಯಗಾರ ಬಂದದ್ದು ಅಲ್ಲಿಂದಲೇ. ಇವತ್ತು ‘ಪಾಳ್ಯ’ ಅಂತ ಕೊನೆಯಾಗುವ ಬಡಾವಣೆಯಲ್ಲಿ ಬಾಡಿಗೆ ಕೇಳಿದರೆ ಮಾತ್ರ ಯುದ್ಧದ ನೆನಪಾಗುತ್ತದೆ. ಮತ್ತೆ 1809ರಲ್ಲಿ ಬ್ರಿಟಿಷರ ಸೈನ್ಯ ಬಂದು ನೆಲೆ ನಿಂತದ್ದು ದಂಡು. ಕೋಟೆಗೆ ಗೋಡೆ ಇತ್ತು, ದಂಡಿಗೆ ಇರಲಿಲ್ಲ.

ಕಡಲತಡಿ:
ಹಾಗೇ ಠಾಣೆ. ಸಂಸ್ಕೃತದ ಸ್ಥಾನ. ಮೊದಲು ಸೈನ್ಯದ ಕಾವಲು ತುಕಡಿ ಇರುವ ಜಾಗ, ಈಗ ಪೊಲೀಸರದ್ದು.

ಸುಮ್ನೆ ಓದುಗ:
ಚುನಾವಣೆ ಬಂದಾಗ ಪತ್ರಿಕೆಯವರ ‘ಭದ್ರಕೋಟೆ’ ಮರೆತಿರಾ? ಪ್ರತಿ ಸಲ ಯಾವುದಾದರೂ ಒಂದು ಛಿದ್ರ ಆಗಲೇಬೇಕು.

ಕಲ್ಲುಬಂಡೆ:
ಎಲ್ಲರಿಗೂ ಬಹಳ ಥ್ಯಾಂಕ್ಸ್. ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ. ಮಗಳಿಗೆ ದುರ್ಗದ ಹುಡುಗ ಅವರ ಮೊದಲ ಉತ್ತರ ಓದಿಸಿದೆ. ಅವಳು ಪುಸ್ತಕ, ಪೆನ್ಸಿಲ್ ಬಾಕ್ಸ್ ಎಲ್ಲ ಜೋಡಿಸಿ ಗೋಡೆ ಮಾಡಿ, ಮೊದಲು ಕೊತ್ತಲ ಇಲ್ಲದೆ, ಆಮೇಲೆ ಇಟ್ಟು ನೋಡಿದಳು. ಈಗ ಅವಳ ಪ್ರಶ್ನೆ ಬೇರೆ. ‘ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು’ ಅಂತ ಗಾದೆ ಇದೆಯಲ್ಲ, ಊರು ಕೋಟೆಯ ಒಳಗಿತ್ತಾ, ಹೊರಗಿತ್ತಾ ಅಂತ ಕೇಳ್ತಿದ್ದಾಳೆ.

ಲೆಕ್ಕದ ಮೇಷ್ಟ್ರು:
ಜಾಣೆ. ಎರಡೂ ಥರ ಇತ್ತು ಅಂತ ಹೇಳಿ. ಬೆಂಗಳೂರಿನಲ್ಲಿ ಕೋಟೆ ಬೇರೆ, ಪೇಟೆ ಬೇರೆ, ಪಕ್ಕಪಕ್ಕ. ಪೇಟೆಗೂ ಅದರದೇ ಸುತ್ತುಗೋಡೆ ಇತ್ತು, ಕಾರ್ನ್‌ವಾಲಿಸ್ ಮೊದಲು ಪೇಟೆ ಹಿಡಿದ, ಆಮೇಲೆ ಕೋಟೆ. ವಿಜಯಪುರದಲ್ಲಿ ಇಡೀ ಊರೇ ಗೋಡೆಯ ಒಳಗೆ, ಅದರ ನಡುವೆ ಅರಸರಿಗೆ ಇನ್ನೊಂದು ಒಳಕೋಟೆ.

ಗುಮ್ಮಟನಗರಿ:
ಆ ಒಳಕೋಟೆಗೆ ಅರಕಿಲ್ಲಾ ಅಂತಾರ್ರೀ. ಅರ್ಕ್ ಅನ್ನೋದು ಪಾರ್ಸಿ, ಒಳಗಿನ ಕೋಟೆ ಅಂತ. ಉಜ್ಬೇಕಿಸ್ತಾನದ ಬುಖಾರಾದಲ್ಲೂ ಅರ್ಕ್ ಇದೆ. ಗಗನ ಮಹಲ್ ನೋಡೋಕೆ ಬಂದರೆ ನೀವು ನಿಂತಿರೋದು ಅರಕಿಲ್ಲಾದ ಒಳಗೇ. ಮಗಳನ್ನು ಕರ್ಕೊಂಡು ಬನ್ನಿ, ಡಿಸೆಂಬರ್‌ನಲ್ಲಿ ಬನ್ನಿ, ಏಪ್ರಿಲ್‌ನಲ್ಲಿ ಬೇಡ.